ಆ ತಿಂಗಳೇ ಯಾಕೆ? ಅಮೆರಿಕದ ಅಪರೂಪದ ಸಾಹಸ ಪ್ರವಾಸಗಳು: ಅಧ್ಯಯನ ಟಿಪ್ಪಣಿ

ಪ್ರವಾಸೋದ್ಯಮ ಓದುವಾಗ ‘ಋತುಮಾನ’ ಅನ್ನುವ ಪಾಠ ಬರುತ್ತದೆ. ಅದರಲ್ಲಿ ಜಾಸ್ತಿ ಇರುವುದು ಜನರ ಮತ್ತು ದುಡ್ಡಿನ ಲೆಕ್ಕ. ರಜೆಯಲ್ಲಿ ಜನ ಹೆಚ್ಚು, ರೂಮಿನ ಬಾಡಿಗೆ ಹೆಚ್ಚು. ಉಳಿದ ದಿನ ಎರಡೂ ಕಡಿಮೆ. ಸಾಹಸ ಪ್ರವಾಸಕ್ಕೆ ಈ ಲೆಕ್ಕ ಸಾಲುವುದಿಲ್ಲ. ಅಲ್ಲಿ ತಿಂಗಳನ್ನು ತೀರ್ಮಾನ ಮಾಡುವುದು ಗಾಳಿ, ನೀರು, ಮೀನು. ಕೆಲವು ಕಡೆ ಅಣೆಕಟ್ಟೆಯ ಗೇಟು, ಕೆಲವು ಕಡೆ ಕಾನೂನು. ಅಮೆರಿಕ ಇದನ್ನು ಓದಲು ಒಳ್ಳೆಯ ಉದಾಹರಣೆ. ಅಲಾಸ್ಕದಿಂದ ಫ್ಲಾರಿಡದವರೆಗೆ ಹವೆ ಎಷ್ಟು ಬೇರೆ ಬೇರೆ ಅಂದರೆ, ವರ್ಷದ ಯಾವ ತಿಂಗಳಲ್ಲೂ ಎಲ್ಲೋ ಒಂದು ಕಡೆ ಏನೋ ಒಂದು ನಡೆಯುತ್ತಲೇ ಇರುತ್ತದೆ. ತಿಂಗಳುಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ‘ಆ ತಿಂಗಳೇ ಯಾಕೆ’ ಅಂತ ಅರ್ಥವಾದರೆ ತಿಂಗಳು ತಾನಾಗಿ ನೆನಪಿರುತ್ತದೆ.

ಮೇ: ಸುಂಟರಗಾಳಿಯ ಹಿಂದೆ ಹೊರಡುವವರು

ಓಕ್ಲಹೋಮ, ಕ್ಯಾನ್ಸಸ್, ಟೆಕ್ಸಸ್ ಬಯಲಿನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ‘ಸ್ಟಾರ್ಮ್ ಚೇಸಿಂಗ್’ ಪ್ರವಾಸಗಳು ನಡೆಯುತ್ತವೆ. ಮೇ ತಿಂಗಳು ಅದರ ನಡುಗಾಲ. ಪ್ರವಾಸಿಗರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ದೊಡ್ಡ ಗುಡುಗು ಮಳೆ ಎಲ್ಲಿ ಏಳುತ್ತದೋ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ದಿನಕ್ಕೆ ನೂರಾರು ಕಿಲೋಮೀಟರ್ ಓಡಾಟ. ರಾತ್ರಿ ಯಾವ ಊರಿನಲ್ಲಿ ಮಲಗುತ್ತೇವೆ ಅನ್ನುವುದು ಬೆಳಗ್ಗೆ ಯಾರಿಗೂ ಗೊತ್ತಿರುವುದಿಲ್ಲ.

ಮೇ ಯಾಕೆ? ಮೂರು ಗಾಳಿಗಳು ಆಗ ಒಂದೇ ಕಡೆ ಸೇರುತ್ತವೆ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ ತೇವದ ಗಾಳಿ ನೆಲದ ಹತ್ತಿರವೇ ಬರುತ್ತದೆ. ನೈಋತ್ಯದ ಮರುಭೂಮಿ ಕಡೆಯಿಂದ ಬಿಸಿಯಾದ ಒಣ ಗಾಳಿ ಬರುತ್ತದೆ. ತುಂಬಾ ಎತ್ತರದಲ್ಲಿ ಪಶ್ಚಿಮದಿಂದ ‘ಜೆಟ್ ಸ್ಟ್ರೀಮ್’ ಎಂಬ ಗಾಳಿ ಜೋರಾಗಿ ಬೀಸುತ್ತಿರುತ್ತದೆ. ಒಣ ಗಾಳಿ ತೇವದ ಗಾಳಿಯ ಮೇಲೆ ಮುಚ್ಚಳದಂತೆ ಕೂರುತ್ತದೆ. ಬೆಳಗ್ಗೆಯಿಂದ ಕೆಳಗಿನ ಗಾಳಿ ಬಿಸಿಯಾಗುತ್ತಲೇ ಇರುತ್ತದೆ, ಮೇಲೇಳಲು ಆಗುವುದಿಲ್ಲ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಆ ಮುಚ್ಚಳ ಎಲ್ಲೋ ಒಂದು ಕಡೆ ಒಡೆದರೆ, ಅಷ್ಟು ಹೊತ್ತು ಕೂಡಿಟ್ಟ ಶಕ್ತಿಯೆಲ್ಲ ಒಂದೇ ಮೋಡದೊಳಗೆ ನುಗ್ಗುತ್ತದೆ.

ಇಲ್ಲಿಯವರೆಗೆ ಅದು ಬರೀ ಗುಡುಗು ಮಳೆ. ಸುತ್ತು ಬರುವುದು ಗಾಳಿಯ ದಿಕ್ಕಿನ ವ್ಯತ್ಯಾಸದಿಂದ. ಕೆಳಗಿನ ಗಾಳಿ ಒಂದು ಕಡೆಗೆ ನಿಧಾನವಾಗಿ, ಮೇಲಿನದು ಇನ್ನೊಂದು ಕಡೆಗೆ ಜೋರಾಗಿ ಬೀಸಿದಾಗ ನಡುವಿನ ಗಾಳಿ ಅಡ್ಡಡ್ಡ ಉರುಳುತ್ತದೆ. ಮೇಲೇಳುವ ಬಿಸಿ ಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಮೋಡವೇ ತಿರುಗತೊಡಗುತ್ತದೆ. ಇದಕ್ಕೆ ‘ಸೂಪರ್‌ಸೆಲ್’ ಅನ್ನುತ್ತಾರೆ. ಸೂಪರ್‌ಸೆಲ್‌ಗಳಲ್ಲಿ ಕೆಲವು ಮಾತ್ರ ಸುಂಟರಗಾಳಿ ಹುಟ್ಟಿಸುತ್ತವೆ. ಹಾಗಾಗಿ ವಾರವಿಡೀ ಸುತ್ತಿದರೂ ಒಂದೂ ಕಾಣದೆ ಹೋಗಬಹುದು. ಆದರೆ ತಿರುಗುವ ಆ ಮೋಡವೇ ನೋಡಲು ಸಾಕು ಅನ್ನುವವರು ಬಹಳ ಜನ. ನನಗೂ ಅವರ ಮಾತು ಸರಿ ಅನ್ನಿಸುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಮೋಡ ಬುಡದಿಂದ ತುದಿವರೆಗೆ ಕಾಣಬೇಕಾದರೆ ಅಷ್ಟೇ ದೊಡ್ಡ ಬಯಲು ಬೇಕು. ಮರ, ಗುಡ್ಡ ಅಡ್ಡ ಬರದ ಅಂಥ ಬಯಲು ಅಲ್ಲಿದೆ.

ಜೂನ್ ಬಂದಂತೆ ಜೆಟ್ ಸ್ಟ್ರೀಮ್ ಉತ್ತರಕ್ಕೆ ಸರಿಯುತ್ತದೆ. ಅದರ ಹಿಂದೆ ಈ ಪ್ರವಾಸಗಳೂ ನೆಬ್ರಾಸ್ಕ, ಡಕೋಟ ಕಡೆಗೆ ಸರಿಯುತ್ತವೆ. ಕಾರಣ ಸರಿದರೆ ಜಾಗವೂ ಸರಿಯುತ್ತದೆ ಅನ್ನುವುದನ್ನು ಇಲ್ಲಿ ಗುರುತು ಹಾಕಿಕೊಳ್ಳಿ.

ಓಕ್ಲಹೋಮದ ನಾರ್ಮನ್‌ನಲ್ಲಿರುವ ‘ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್’ ದಿನವೂ ದೇಶದ ನಕ್ಷೆಯ ಮೇಲೆ ಅಪಾಯವನ್ನು ಐದು ಹಂತಗಳಲ್ಲಿ ಗುರುತಿಸುತ್ತದೆ. ಯಾರು ಬೇಕಾದರೂ ನೋಡಬಹುದು. ಹಾಗಂತ ಸ್ವಂತ ಕಾರು ತೆಗೆದುಕೊಂಡು ಹೊರಡುವುದು ಖಂಡಿತ ಬೇಡ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೋ ಹತ್ತಿರ ಎದ್ದ ಸುಂಟರಗಾಳಿಯ ಅಗಲ ಸುಮಾರು 4.2 ಕಿಲೋಮೀಟರ್. ದಾಖಲಾದವುಗಳಲ್ಲಿ ಅದೇ ಅತಿ ಅಗಲದ್ದು. ಅದು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಟಿಮ್ ಸಮಾರಸ್ ಎಂಬ ಅನುಭವಿ ಸಂಶೋಧಕ, ಅವರ ಮಗ ಪಾಲ್ ಮತ್ತು ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದರಲ್ಲಿ ತೀರಿಕೊಂಡರು. ವರ್ಷಗಟ್ಟಲೆ ಇದನ್ನೇ ಓದಿದವರಿಗೆ ಹೀಗಾಗಿದೆ. ಅನುಭವಿ ಮಾರ್ಗದರ್ಶಿ ಸಾಮಾನ್ಯವಾಗಿ ಮೋಡದ ಆಗ್ನೇಯಕ್ಕೆ ನಿಲ್ಲುತ್ತಾನೆ. ಹೆಚ್ಚಿನ ಮೋಡಗಳು ಈಶಾನ್ಯದ ಕಡೆಗೆ ಸಾಗುವುದರಿಂದ ಅಲ್ಲಿ ನೋಟವೂ ಚೆನ್ನಾಗಿರುತ್ತದೆ, ದಕ್ಷಿಣಕ್ಕೆ ತಪ್ಪಿಸಿಕೊಳ್ಳುವ ರಸ್ತೆಯೂ ಇರುತ್ತದೆ. ಆಲಿಕಲ್ಲು ಬೀಳುವ ಜಾಗದ ಮೂಲಕ ಅಡ್ಡದಾರಿ ಹಿಡಿಯುವುದಿಲ್ಲ.

ಬೇಸಿಗೆ: ಕಣಿವೆಯ ನೀರು

ಅರಿಜೋನದ ಗ್ರ್ಯಾಂಡ್ ಕ್ಯಾನಿಯನ್ ಅನ್ನು ಹೆಚ್ಚಿನವರು ಅಂಚಿನಲ್ಲಿ ನಿಂತು ನೋಡಿ ಬರುತ್ತಾರೆ. ಕೆಳಗೆ ಕೊಲರಾಡೊ ನದಿಯಲ್ಲಿ ತೆಪ್ಪದಲ್ಲಿ ಹೋಗುವುದು ಬೇರೆಯದೇ ಪ್ರವಾಸ. ಲೀಸ್ ಫೆರಿಯಿಂದ ಹೊರಟು ಒಂದು ವಾರ, ಎರಡು ವಾರ ನದಿಯ ಮೇಲೆ, ರಾತ್ರಿ ಮರಳಿನ ದಂಡೆಯಲ್ಲಿ. 1869ರಲ್ಲಿ ಜಾನ್ ವೆಸ್ಲಿ ಪಾವೆಲ್ ಮರದ ದೋಣಿಗಳಲ್ಲಿ ಈ ದಾರಿಯಲ್ಲೇ ಹೋಗಿದ್ದರು. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದವರು ಅವರು.

ಇಲ್ಲಿ ಕಲಿಯುವ ವಿಷಯ ಬಿಸಿ ಮತ್ತು ತಂಪಿನದ್ದು. ಜುಲೈನಲ್ಲಿ ಕಣಿವೆಯ ತಳ 40 ಡಿಗ್ರಿ ದಾಟುತ್ತದೆ. ಆದರೆ ಮೇಲ್ಭಾಗದಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟೆ ಇದೆ. ಸರೋವರದ ಆಳದಿಂದ ನೀರು ಬಿಡುವುದರಿಂದ ನದಿ ನಡುಬೇಸಿಗೆಯಲ್ಲೂ ಕೊರೆಯುತ್ತದೆ. ಸರೋವರದ ಮಟ್ಟ ಇಳಿದ ವರ್ಷ ಮಾತ್ರ ಸ್ವಲ್ಪ ಬೆಚ್ಚಗಾಗುತ್ತದೆ. ತಲೆ ಮೇಲೆ ಸುಡುವ ಬಿಸಿಲು, ನೀರಿಗೆ ಬಿದ್ದರೆ ಮೈ ಮರಗಟ್ಟುವ ಚಳಿ: ಎರಡಕ್ಕೂ ಒಂದೇ ದಿನ ತಯಾರಿರಬೇಕು. ಇನ್ನೊಂದು ವಿಷಯ. ಸೆಪ್ಟೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಈ ನದಿಯಲ್ಲಿ ಮೋಟಾರು ತೆಪ್ಪಗಳಿಗೆ ಅವಕಾಶವಿಲ್ಲ. ಸದ್ದಿಲ್ಲದ ಕಣಿವೆ ಬೇಕಿದ್ದರೆ ಆಗ ಹೋಗಬೇಕು.

ಯೂಟಾದ ಜೈಯನ್ ಪಾರ್ಕಿನಲ್ಲಿ ‘ನ್ಯಾರೋಸ್’ ಅಂತ ಒಂದು ದಾರಿ ಇದೆ. ಅಲ್ಲಿ ನದಿಯೇ ದಾರಿ. ಎರಡೂ ಕಡೆ ನೂರಾರು ಅಡಿ ಕಲ್ಲಿನ ಗೋಡೆ, ನಡುವೆ ನೀರಿನಲ್ಲಿ ನಡೆಯುವುದು. ಹಿಮ ಕರಗುವ ವಸಂತದಲ್ಲಿ ಹರಿವು ಜಾಸ್ತಿ ಇದ್ದರೆ ಮುಚ್ಚುತ್ತಾರೆ. ಬೇಸಿಗೆಯಲ್ಲಿ ನೀರು ಹಿತವಾಗಿರುತ್ತದೆ, ಆದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯದೇ ಒಂದು ಮಳೆಗಾಲ ಇದೆ, ದಿಢೀರ್ ಪ್ರವಾಹದ ಭಯ ಇರುತ್ತದೆ. ನಾವಿರುವ ಜಾಗದಲ್ಲಿ ಬಿಸಿಲಿದ್ದರೂ ಸಾಲದು. 1997ರ ಆಗಸ್ಟ್ 12ರಂದು ಅರಿಜೋನದ ಆ್ಯಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದಿದ್ದು ದೂರದಲ್ಲಿ, ಮೇಲಿನ ಕಡೆ. ಹಾಗಾಗಿ ಇಕ್ಕಟ್ಟಿನ ಕಣಿವೆಗೆ ಇಳಿಯುವ ಮುಂಚೆ ಆ ಹಳ್ಳಕ್ಕೆ ನೀರು ಕೊಡುವ ಪ್ರದೇಶವಿಡೀ ಮಳೆಯ ಮುನ್ಸೂಚನೆ ನೋಡಬೇಕು.

ಜುಲೈ ಮತ್ತೆ ಸೆಪ್ಟೆಂಬರ್: ಕರಡಿಗಳು

ಅಲಾಸ್ಕದ ಕ್ಯಾಟ್‌ಮೈ ಪಾರ್ಕಿನ ಬ್ರೂಕ್ಸ್ ಜಲಪಾತಕ್ಕೆ ರಸ್ತೆ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೆಚ್ಚಿನವರು ಹೋಗುತ್ತಾರೆ. ಇಳಿದ ಕೂಡಲೇ ಕರಡಿಗಳ ಜೊತೆ ಹೇಗಿರಬೇಕು ಅಂತ ರೇಂಜರ್‌ಗಳು ಪಾಠ ಮಾಡುತ್ತಾರೆ; ಅದು ಎಲ್ಲರಿಗೂ ಕಡ್ಡಾಯ.

ಪರೀಕ್ಷೆಗೆ ಇದು ಚೆಂದದ ಪ್ರಶ್ನೆ: ಜುಲೈನಲ್ಲಿ ಕರಡಿ ತುಂಬಾ, ಆಗಸ್ಟ್‌ನಲ್ಲಿ ತೀರಾ ಕಡಿಮೆ, ಸೆಪ್ಟೆಂಬರ್‌ನಲ್ಲಿ ಮತ್ತೆ ತುಂಬಾ. ಯಾಕೆ? ಜುಲೈನಲ್ಲಿ ಸಾಕೈ ಸಾಲ್ಮನ್ ಮೀನುಗಳು ಸಮುದ್ರದಿಂದ ನದಿ ಹತ್ತುತ್ತವೆ. ಜಲಪಾತದ ಹತ್ತಿರ ಗುಂಪುಗಟ್ಟಿ ಹಾರುತ್ತವೆ. ಕರಡಿ ಬಾಯಿ ತೆರೆದು ನಿಂತರೆ ಸಾಕು. ಆಗಸ್ಟ್ ಹೊತ್ತಿಗೆ ಮೀನುಗಳು ಮೇಲಿನ ಸರೋವರ, ತೊರೆಗಳಿಗೆ ಹರಡಿಕೊಳ್ಳುತ್ತವೆ, ಕರಡಿಗಳೂ ಚದುರುತ್ತವೆ. ಮೊಟ್ಟೆಯಿಟ್ಟು ಸೋತ ಮೀನುಗಳು ಸೆಪ್ಟೆಂಬರ್‌ನಲ್ಲಿ ಸಾಯುತ್ತಾ ಕೆಳಗೆ ತೇಲಿ ಬರುತ್ತವೆ. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸಬೇಕಾದ ಕರಡಿಗಳು ಆಗ ನದಿಗೆ ವಾಪಸ್ ಬರುತ್ತವೆ. ರಜೆ ಸಿಕ್ಕಿತು ಅಂತ ಆಗಸ್ಟ್‌ನಲ್ಲಿ ಹೋದವರಿಗೆ ಜಲಪಾತ ಮಾತ್ರ ಕಾಣಬಹುದು.

ಶರತ್ಕಾಲ: ಗೇಟು ತೆರೆದಾಗ ಬರುವ ಋತು

ವೆಸ್ಟ್ ವರ್ಜೀನಿಯ ರಾಜ್ಯದ ಗಾಲಿ ನದಿ ಈ ಟಿಪ್ಪಣಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಯಾಕೆಂದರೆ ಇಲ್ಲಿಯ ಋತುವನ್ನು ಮನುಷ್ಯರೇ ಮಾಡಿದ್ದಾರೆ. ಪ್ರವಾಹ ತಡೆಯಲು 1966ರಲ್ಲಿ ಸಮರ್ಸ್‌ವಿಲ್ ಅಣೆಕಟ್ಟೆ ಕಟ್ಟಿದರು. ಬೇಸಿಗೆಯಲ್ಲಿ ಸರೋವರ ತುಂಬಿರುತ್ತದೆ, ಜನ ಈಜುತ್ತಾರೆ, ದೋಣಿ ಬಿಡುತ್ತಾರೆ. ಚಳಿಗಾಲ ಮತ್ತು ವಸಂತದ ಪ್ರವಾಹಕ್ಕೆ ಜಾಗ ಮಾಡಬೇಕಾದರೆ ಅದಕ್ಕೂ ಮುಂಚೆ ಸರೋವರ ಖಾಲಿಯಾಗಬೇಕು. ಮಟ್ಟವನ್ನು 20 ಮೀಟರಿಗಿಂತ ಜಾಸ್ತಿ ಇಳಿಸಬೇಕು. ಆ ನೀರು ಹೇಗೂ ಹೊರಗೆ ಹೋಗಬೇಕು, ಅಲ್ವಾ? ಅದನ್ನೇ ವಾರಾಂತ್ಯಗಳಿಗೆ ಹಂಚಿ ಬಿಟ್ಟರೆ ಕೆಳಗೆ ರಾಫ್ಟಿಂಗ್ ಮಾಡಬಹುದು ಎಂದು ನದಿಯ ಜನ ಹೋರಾಡಿದರು. 1986ರಲ್ಲಿ ಅಮೆರಿಕದ ಸಂಸತ್ತು ರಾಫ್ಟಿಂಗ್‌ಗೆ ನೀರು ಬಿಡುವುದನ್ನೂ ಆ ಅಣೆಕಟ್ಟೆಯ ಅಧಿಕೃತ ಉದ್ದೇಶಗಳಲ್ಲಿ ಸೇರಿಸಿತು.

ಅಂದಿನಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಮುಗಿದ ಮೇಲೆ ಕೆಲವು ವಾರಾಂತ್ಯಗಳಲ್ಲಿ ಗೇಟು ತೆರೆಯುತ್ತಾರೆ. ಇದಕ್ಕೆ ‘ಗಾಲಿ ಸೀಸನ್’ ಎಂದೇ ಹೆಸರು. ದೇಶದ ಎಷ್ಟೋ ನದಿಗಳು ಹಿಮ ಕರಗಿದ ನೀರಿನಿಂದ ವಸಂತದಲ್ಲಿ ಉಕ್ಕಿ, ಶರತ್ಕಾಲದ ಹೊತ್ತಿಗೆ ಸೊರಗಿರುತ್ತವೆ. ಗಾಲಿ ಮಾತ್ರ ಎಲೆ ಕೆಂಪಾಗುವ ಕಾಲದಲ್ಲಿ ಅಬ್ಬರಿಸುತ್ತದೆ. ರಭಸದ ನೀರನ್ನು ಒಂದರಿಂದ ಆರರವರೆಗೆ ದರ್ಜೆ ಕಟ್ಟುತ್ತಾರೆ. ಮೇಲಿನ ಗಾಲಿಯಲ್ಲಿ ಐದನೇ ದರ್ಜೆಯ ಐದು ಕಡಿದಾದ ಇಳಿತಗಳಿವೆ. ಮೊದಲ ಸಲ ಹೋಗುವವರಿಗೆ ಕೆಳಗಿನ ಗಾಲಿ ವಾಸಿ.

ನಮ್ಮಲ್ಲಿ ಕಾಳಿ ನದಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ. ವ್ಯತ್ಯಾಸ ಇಷ್ಟೇ: ಕಾಳಿಯಲ್ಲಿ ನೀರು ಬರುವುದು ವಿದ್ಯುತ್ತಿನ ಲೆಕ್ಕದಲ್ಲಿ, ಗಾಲಿಯಲ್ಲಿ ರಾಫ್ಟಿಂಗ್‌ಗೆ ಅಂತಲೇ ದಿನ ಗೊತ್ತುಮಾಡಿರುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ನ್ಯೂ ರಿವರ್ ಕಣಿವೆಯ ಸೇತುವೆ. ನೀರಿನಿಂದ 267 ಮೀಟರ್ ಎತ್ತರ. ಅಕ್ಟೋಬರ್ ಮೂರನೇ ಶನಿವಾರ ‘ಬ್ರಿಜ್ ಡೇ’. ಆ ಒಂದು ದಿನ ವಾಹನಗಳನ್ನು ನಿಲ್ಲಿಸಿ, ಪ್ಯಾರಾಚೂಟ್ ಕಟ್ಟಿಕೊಂಡು ಹಾರಲು ಬಿಡುತ್ತಾರೆ. ಇಲ್ಲಿ ತಿಂಗಳು ಗೊತ್ತುಮಾಡಿದ್ದು ಹವೆ ಅಲ್ಲ, ಅನುಮತಿ.

ಅದೇ ಅಕ್ಟೋಬರ್ ಮೊದಲ ವಾರ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಹಾಟ್ ಏರ್ ಬಲೂನ್ ಹಬ್ಬ. 1972ರಲ್ಲಿ 13 ಬಲೂನುಗಳಿಂದ ಶುರುವಾದದ್ದು ಈಗ ನೂರಾರು ಬಲೂನುಗಳ ಜಾತ್ರೆ. ತಂಪಾದ ಮುಂಜಾವಿನಲ್ಲಿ ನೆಲದ ಹತ್ತಿರದ ಗಾಳಿ ರಿಯೊ ಗ್ರಾಂಡೆ ಕಣಿವೆಯ ಇಳಿಜಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಮೇಲಿನ ಗಾಳಿ ಉತ್ತರಕ್ಕೆ. ಬಲೂನಿಗೆ ಸ್ಟೀರಿಂಗ್ ಇಲ್ಲ. ಪೈಲಟ್ ಕೆಳಗೆ ದಕ್ಷಿಣಕ್ಕೆ ತೇಲಿ, ಮೇಲೇರಿ ಉತ್ತರಕ್ಕೆ ವಾಪಸಾಗಿ, ಹೊರಟ ಜಾಗದ ಹತ್ತಿರವೇ ಇಳಿಯಬಹುದು. ಇದನ್ನು ‘ಆಲ್ಬುಕರ್ಕಿ ಬಾಕ್ಸ್’ ಅನ್ನುತ್ತಾರೆ.

ಚಳಿಗಾಲ

ಫ್ಲಾರಿಡದ ಕ್ರಿಸ್ಟಲ್ ರಿವರ್‌ನಲ್ಲಿ ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಮ್ಯಾನಟಿಗಳ ಜೊತೆ ನೀರಿನಲ್ಲಿ ತೇಲಬಹುದು. ಹುಲ್ಲು ಮೇಯುವ ಸಾಧು ಜಲಪ್ರಾಣಿ ಅದು, ತೂಕ ಮಾತ್ರ ಸುಮಾರು 450 ಕಿಲೊ. ನೀರು 20 ಡಿಗ್ರಿಗಿಂತ ತಣ್ಣಗಾದರೆ ಅದಕ್ಕೆ ಕಾಯಿಲೆ ಬರುತ್ತದೆ. ಅಲ್ಲಿಯ ನೆಲದಡಿಯ ಚಿಲುಮೆಗಳ ನೀರು ವರ್ಷವಿಡೀ ಸುಮಾರು 22 ಡಿಗ್ರಿ. ಸಮುದ್ರ ತಣ್ಣಗಾದಷ್ಟೂ ಅವು ಚಿಲುಮೆಗೆ ಬರುತ್ತವೆ. ಜೀವ ಉಳಿಸಿಕೊಳ್ಳಲು ಬಂದ ಪ್ರಾಣಿ ಅದು. ಅಟ್ಟಿಸಿಕೊಂಡು ಹೋಗಬಾರದು, ಸುತ್ತುಗಟ್ಟಬಾರದು. ಸುಮ್ನೆ ತೇಲುತ್ತಾ ನೋಡಬೇಕು. ತೀರಾ ಚಳಿಯ ದಿನ ಕೆಲವು ಚಿಲುಮೆಗಳಿಗೆ ಈಜುಗಾರರನ್ನು ಬಿಡುವುದಿಲ್ಲ. ಆ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಕೊಲರಾಡೊದ ಯೂರೇ ಊರಿನಲ್ಲಿ ಹಿಮಗೋಡೆ ಹತ್ತುವವರಿಗೆ ಅಂತಲೇ ಒಂದು ಪಾರ್ಕ್ ಇದೆ. ಮೊದಲು ಜಲವಿದ್ಯುತ್ತಿನ ಪೈಪು ಸೋರಿ ಕಣಿವೆಯಲ್ಲಿ ಮಂಜುಗಡ್ಡೆ ಕಟ್ಟುತ್ತಿತ್ತು, ಏರುಗರು ಅದನ್ನು ಹತ್ತುತ್ತಿದ್ದರು. ಈಗ ಬೇಕೆಂದೇ ರಾತ್ರಿ ಗೋಡೆಗಳ ಮೇಲೆ ನೀರು ಚಿಮುಕಿಸಿ ಹೆಪ್ಪುಗಟ್ಟಿಸುತ್ತಾರೆ. ಬಿಸಿಲು ಇಳಿಯದ ಕಣಿವೆಯಾದ್ದರಿಂದ ಅದು ಮಾರ್ಚ್‌ವರೆಗೆ ಬಾಳುತ್ತದೆ.

ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಆಕಾಶದ ಹಸಿರು ಬೆಳಕು, ಅಂದರೆ ಅರೋರಾ, ನೋಡಲು ಚಳಿ ಬೇಕು ಅಂತ ಹಲವರು ಬರೆಯುತ್ತಾರೆ. ಬೇಕಾಗಿರುವುದು ಕತ್ತಲೆ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗೆ ಮೋಡವಿಲ್ಲದ ಯಾವ ರಾತ್ರಿಯೂ ಕಾಣಿಸಬಹುದು.

ಅರ್ಜಿಯ ಕಾಲ ಬೇರೆ

ಹೋಗುವ ತಿಂಗಳು ಗೊತ್ತಾದರೆ ಅರ್ಧ ಕೆಲಸ. ಎಷ್ಟೋ ಕಡೆ ಅನುಮತಿ ಸಿಗುವುದು ಲಾಟರಿಯಲ್ಲಿ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಸ್ವಂತ ತೆಪ್ಪ ನಡೆಸುವವರ ಮುಖ್ಯ ಲಾಟರಿ ಫೆಬ್ರವರಿಯಲ್ಲಿ, ಅದೂ ಮುಂದಿನ ವರ್ಷಕ್ಕೆ. ಕ್ಯಾಲಿಫೋರ್ನಿಯದ ಯೊಸೆಮಿಟಿ ಪಾರ್ಕಿನ ಹಾಫ್ ಡೋಮ್ ಬಂಡೆಯನ್ನು ಉಕ್ಕಿನ ಹಗ್ಗ ಹಿಡಿದು ಹತ್ತಲು ಮಾರ್ಚ್‌ನಲ್ಲಿ ಅರ್ಜಿ. ದಿನಕ್ಕೆ 300 ಜನಕ್ಕೆ ಮಾತ್ರ ಅವಕಾಶ. ಟೆನಿಸೀ ರಾಜ್ಯದ ಗ್ರೇಟ್ ಸ್ಮೋಕಿ ಬೆಟ್ಟಗಳ ಎಲ್ಕ್‌ಮಾಂಟ್‌ನಲ್ಲಿ ಮಿಂಚುಹುಳುಗಳು ಒಟ್ಟಿಗೆ ಮಿನುಗಿ ಒಟ್ಟಿಗೆ ಆರುವುದನ್ನು ಮೇ ಕೊನೆ, ಜೂನ್ ಮೊದಲಿಗೆ ನೋಡಬಹುದು. ಅದರ ಲಾಟರಿ ಏಪ್ರಿಲ್ ಕೊನೆಗೆ.

ಅಲ್ಲಿ ಓದುವ, ಕೆಲಸ ಮಾಡುವ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಇಂಥ ಪ್ರವಾಸಕ್ಕೆ ಮನಸ್ಸು ಮಾಡಿದರೆ ವಿಮೆಯ ಕಾಗದ ಓದಲು ಹೇಳಿ. ಪ್ರವಾಸ ವಿಮೆಯ ಎಷ್ಟೋ ಪಾಲಿಸಿಗಳು ಸಾಹಸ ಚಟುವಟಿಕೆಗಳನ್ನು ಹೊರಗಿಡುತ್ತವೆ. ರಾಫ್ಟಿಂಗ್, ಹಿಮ ಏರುವುದು ಅದರಲ್ಲಿ ಸೇರಿದೆಯೋ ಇಲ್ಲವೋ ಅನ್ನುವುದನ್ನು ಟಿಕೆಟ್ ಕೊಳ್ಳುವ ಮುಂಚೆ ಕಂಪನಿಯಿಂದ ಬರಹದಲ್ಲೇ ಕೇಳಿ ಇಟ್ಟುಕೊಳ್ಳಬೇಕು.