ಒಂಟಿ ಕಾಲಿನ ನಿಲುವು: ಸೊಂಟದ ಕೀಲು ಮತ್ತು ಕಾಲಿನ ಅಂಗರಚನೆಯ ಟಿಪ್ಪಣಿ

ಕಾಲಿನ ಅಂಗರಚನೆಯನ್ನು ಓದಲು ಕುಳಿತವರು ಸಾಮಾನ್ಯವಾಗಿ ಸ್ನಾಯುವಿನ ಹುಟ್ಟು, ಅದು ಹೋಗಿ ಸೇರುವ ಜಾಗ, ನರ, ಕೆಲಸ ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಎರಡು ವಾರದೊಳಗೆ ಅದನ್ನು ಮರೆತುಬಿಡುತ್ತಾರೆ. ನಾನೂ ಹಾಗೆ ಮರೆತವನೇ. ಒಂದೇ ಕಾಲಿನ ಮೇಲೆ ದೇಹ ಬೀಳದೆ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಓದತೊಡಗಿದ ಮೇಲೆಯೇ ಮೂಳೆ, ಸ್ನಾಯು, ನರಗಳು ಒಂದಕ್ಕೊಂದು ಹೊಂದಿಕೊಂಡು ನೆನಪಿನಲ್ಲಿ ಉಳಿದವು. ನಡೆಯುವಾಗ ಪ್ರತಿ ಹೆಜ್ಜೆಗೂ ನಾವು ಕ್ಷಣಕಾಲ ಒಂಟಿ ಕಾಲಿನ ಮೇಲೆಯೇ ಇರುತ್ತೇವೆ ಎಂಬುದನ್ನು ಗಮನಿಸಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಮಾತಿನಲ್ಲಿ ‘ಸೊಂಟ ನೋವು’ ಎಂದವರು ಬಹುಮಟ್ಟಿಗೆ ಬೆನ್ನಿನ ಕೆಳಭಾಗದ ಮೇಲೆ ಕೈಯಿಡುತ್ತಾರೆ. ಆದರೆ ನಿಜವಾದ ಸೊಂಟದ ಕೀಲು ತೊಡೆಸಂದಿನ ಹಿಂದೆ ಆಳದಲ್ಲಿದೆ, ಅದರ ನೋವು ಹೆಚ್ಚಾಗಿ ತೊಡೆಸಂದಿನಲ್ಲೇ ಕಾಣಿಸಿಕೊಳ್ಳುತ್ತದೆ.

ಕೀಲಿನ ಬಟ್ಟಲಿಗೆ ಅಸೆಟಾಬುಲಮ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಅದು ಹುಳಿರಸ, ಅಂದರೆ ವಿನಿಗರ್, ಇಡುವ ಪುಟ್ಟ ಬಟ್ಟಲಿನ ಹೆಸರು. ಶ್ರೋಣಿಯ, ಅಂದರೆ ಸೊಂಟದ ಮೂಳೆಗೂಡಿನ, ಇಲಿಯಮ್, ಇಶ್ಚಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆಗಳು ಈ ಬಟ್ಟಲಿನಲ್ಲಿಯೇ ಸಂಧಿಸುತ್ತವೆ. ಮಕ್ಕಳಲ್ಲಿ ಅವುಗಳ ನಡುವೆ ಮೂರು ಕವಲಿನ ಮೃದ್ವಸ್ಥಿ ಇದ್ದು, ಹದಿಹರೆಯದಲ್ಲಿ ಅದು ಬೆಸೆದುಕೊಳ್ಳುತ್ತದೆ. ಮಗುವಿನ ಎಕ್ಸ್-ರೇಯಲ್ಲಿ ಆ ಗೆರೆಯನ್ನು ಕಂಡು ಮೂಳೆ ಮುರಿದಿದೆ ಎಂದುಕೊಳ್ಳಬಾರದು. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ನಾರು-ಮೃದ್ವಸ್ಥಿಯ ಬಳೆ ಸುತ್ತಿಕೊಂಡು ಅದನ್ನು ಇನ್ನಷ್ಟು ಆಳವಾಗಿಸುತ್ತದೆ. ಭುಜದ ಕೀಲಿಗೆ ಹೋಲಿಸಿದರೆ ಇಲ್ಲಿ ಚಲನೆ ಕಡಿಮೆ, ಭದ್ರತೆ ಹೆಚ್ಚು.

ಈ ಬಟ್ಟಲಿನಲ್ಲಿ ಕೂರುವುದು ಫೀಮರ್, ಅಂದರೆ ತೊಡೆಮೂಳೆಯ ತಲೆ. ಗೋಳದ ಮೂರರಲ್ಲಿ ಎರಡು ಭಾಗದಷ್ಟಿರುವ ಈ ತಲೆಯಿಂದ ಓರೆಯಾಗಿ ಇಳಿಯುವ ಕತ್ತು, ಮೂಳೆಯ ಕಾಂಡದೊಂದಿಗೆ ವಯಸ್ಕರಲ್ಲಿ ಸುಮಾರು 125 ಡಿಗ್ರಿ ಕೋನ ಮಾಡುತ್ತದೆ. ನವಜಾತ ಶಿಶುವಿನಲ್ಲಿ ಅದು ಸುಮಾರು 150 ಡಿಗ್ರಿ ಇರುತ್ತದೆ. ಕತ್ತು ಹೀಗೆ ಹೊರಗೆ ಚಾಚಿರುವುದರಿಂದ ಸ್ನಾಯುಗಳಿಗೆ ಒಳ್ಳೆಯ ಮೀಟುಗೋಲು ಸಿಗುತ್ತದೆ, ಆದರೆ ಅಪಾಯವೂ ಅಲ್ಲಿಯೇ ಇದೆ. ವಯಸ್ಕರಲ್ಲಿ ತಲೆಗೆ ರಕ್ತ ಮುಖ್ಯವಾಗಿ ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಫೀಮರಲ್ ಅಪಧಮನಿಯ ಕವಲುಗಳಿಂದ, ಕತ್ತಿನ ಮೇಲ್ಮೈಗೆ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಕೀಲಿನ ಕೋಶದ, ಅಂದರೆ ಕೀಲನ್ನು ಸುತ್ತುವರಿದ ಚೀಲದ, ಒಳಗೆ ಕತ್ತು ಮುರಿದರೆ ಈ ಕವಲುಗಳೂ ಹರಿದು, ರಕ್ತವಿಲ್ಲದೆ ತಲೆಯ ಮೂಳೆ ಸಾಯಬಹುದು. ಕತ್ತಿನ ಬುಡದಲ್ಲಿರುವ ಟ್ರೋಕ್ಯಾಂಟರ್ ಎಂಬ ಎರಡು ಉಬ್ಬುಗಳ ನಡುವೆ, ಅಂದರೆ ಕೋಶದ ಹೊರಗೆ, ಆಗುವ ಮುರಿತದಲ್ಲಿ ಈ ಭಯ ಬಹಳ ಕಡಿಮೆ.

ಈಗ ಎದ್ದು ನಿಂತು, ಸೊಂಟದ ಪಕ್ಕದಲ್ಲಿ ಇಲಿಯಮ್‌ನ ಏಣನ್ನು ಮುಟ್ಟಿ ನೋಡಿ. ಅಲ್ಲಿಂದ ಸುಮಾರು ಒಂದು ಅಂಗೈಯಗಲ ಕೆಳಗೆ ಕೈಗೆ ಸಿಗುವ ಗಟ್ಟಿ ಉಬ್ಬೇ ಗ್ರೇಟರ್ ಟ್ರೋಕ್ಯಾಂಟರ್. ಇವೆರಡರ ನಡುವೆ ಬೆರಳುಗಳನ್ನು ಒತ್ತಿಟ್ಟುಕೊಂಡು ಇನ್ನೊಂದು ಕಾಲನ್ನು ನೆಲದಿಂದ ಎತ್ತಿದರೆ, ಬೆರಳಿನಡಿಯ ಮಾಂಸ ತಟ್ಟನೆ ಬಿಗಿಯುತ್ತದೆ. ಅದು ಗ್ಲೂಟಿಯಸ್ ಮೀಡಿಯಸ್. ಅದರ ಅಡಿಯಲ್ಲಿ ಗ್ಲೂಟಿಯಸ್ ಮಿನಿಮಸ್ ಇದೆ. ಎರಡಕ್ಕೂ ಸುಪೀರಿಯರ್ ಗ್ಲೂಟಿಯಲ್ ನರವೇ ಆಧಾರ. ಪಟ್ಟಿಯಲ್ಲಿ ಇವುಗಳ ಕೆಲಸ ‘ತೊಡೆಯನ್ನು ಹೊರಕ್ಕೆ ಸರಿಸುವುದು’ ಎಂದಷ್ಟೇ ಇರುತ್ತದೆ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಪಾದ ನೆಲಕ್ಕೆ ಊರಿದಾಗ ತೊಡೆ ಕದಲುವುದಿಲ್ಲ. ಅದೇ ಸೆಳೆತ, ಎತ್ತಿದ ಕಾಲಿನ ಕಡೆಗೆ ವಾಲಲು ಹೊರಟ ಶ್ರೋಣಿಯನ್ನು ಹಿಡಿದು ನಿಲ್ಲಿಸುತ್ತದೆ.

ಈ ಹಿಡಿತ ತಪ್ಪಿದಾಗ ಕಾಣುವ ಚಿಹ್ನೆಯನ್ನು ಜರ್ಮನ್ ಶಸ್ತ್ರಚಿಕಿತ್ಸಕ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ: ಶ್ರೋಣಿ ಕುಸಿಯುವುದು ಎತ್ತಿದ ಕಾಲಿನ ಕಡೆಗೆ, ದೋಷವಿರುವುದು ಊರಿದ ಕಾಲಿನಲ್ಲಿ. ಬಲಗಾಲಿನ ಮೇಲೆ ನಿಂತಾಗ ಎಡಭಾಗ ಇಳಿದರೆ ಬಲಗಡೆಯ ಸ್ನಾಯು, ನರ ಅಥವಾ ಕೀಲನ್ನು ಅನುಮಾನಿಸಬೇಕು.

ಲೆಕ್ಕವನ್ನೂ ನೋಡಿಬಿಡೋಣ. ತೊಡೆಮೂಳೆಯ ತಲೆಯನ್ನು ಮೀಟುಗೋಲಿನ ಆನಿಕೆಯೆಂದು ಎಣಿಸಿದರೆ, (ಊರಿದ ಕಾಲನ್ನು ಬಿಟ್ಟು ಉಳಿದ) ದೇಹದ ಭಾರ ಆನಿಕೆಯಿಂದ ಇರುವ ದೂರವು ಸ್ನಾಯುವಿನ ಸೆಳೆತ ಇರುವ ದೂರದ ಸುಮಾರು ಎರಡರಿಂದ ಎರಡೂವರೆ ಪಟ್ಟು. ಆದ್ದರಿಂದ ಸ್ನಾಯು ಭಾರಕ್ಕಿಂತ ಅಷ್ಟು ಪಟ್ಟು ಹೆಚ್ಚು ಬಲ ಹಾಕಬೇಕು, ಎರಡೂ ಬಲಗಳು ಕೂಡಿ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ನೋವಿರುವ ಸೊಂಟದ ಎದುರು ಕೈಯಲ್ಲಿ ಕೋಲು ಹಿಡಿಯಬೇಕು ಎನ್ನುವುದೂ ಇದೇ ಲೆಕ್ಕದಿಂದ: ಆನಿಕೆಯಿಂದ ದೂರದಲ್ಲಿ ಊರಿದ ಕೋಲು ಅಲ್ಪ ಬಲದಿಂದಲೇ ಸ್ನಾಯುವಿನ ಹೊರೆಯನ್ನು ಬಹಳವಾಗಿ ತಗ್ಗಿಸುತ್ತದೆ.

ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಾಗ ಮಾತ್ರ ದೇಹ ಜಾಣತನದಿಂದ ವಿಶ್ರಮಿಸುತ್ತದೆ. ಆಗ ಭಾರದ ಗೆರೆ ಸೊಂಟದ ಕೀಲಿನ ತುಸು ಹಿಂದೆ ಹಾಯುವುದರಿಂದ ಮುಂಡ ಹಿಂದಕ್ಕೆ ಬಾಗಲು ನೋಡುತ್ತದೆ. ಮುಂಭಾಗದಲ್ಲಿ ತಲೆಕೆಳಗಾದ ವೈ ಆಕಾರದ ಇಲಿಯೋಫೀಮರಲ್ ಅಸ್ಥಿರಜ್ಜು ಬಿಗಿದು ಅದನ್ನು ತಡೆಯುತ್ತದೆ. ಪೃಷ್ಠದ ದೊಡ್ಡ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್‌ಗೆ ಆಗ ಹೆಚ್ಚು ಕೆಲಸವಿಲ್ಲ. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಓಡುವಾಗ ಅದು ದುಡಿಯುತ್ತದೆ. ಇದೇ ಸ್ನಾಯುವಿನ ಅಡಿಯಲ್ಲಿ, ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿನ ಕೆಳಗಿನಿಂದ, ದೇಹದ ಅತಿ ದಪ್ಪ ನರವಾದ ಸಯಾಟಿಕ್ ಹೊರಬರುತ್ತದೆ. ಪೃಷ್ಠದಲ್ಲಿ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರ ಕಾಲುಭಾಗವನ್ನೇ ಆರಿಸುವುದು ಈ ನರವನ್ನು ತಪ್ಪಿಸಲು.

ತೊಡೆಯ ಸ್ನಾಯುಗಳನ್ನು ಒಂದೊಂದಾಗಿ ಕಲಿಯುವುದಕ್ಕಿಂತ ನರದ ಪ್ರಕಾರ ಮೂರು ಗುಂಪು ಮಾಡಿಕೊಳ್ಳುವುದು ಲೇಸು: ಮುಂದಿನವು ಫೀಮರಲ್, ಒಳಗಿನವು ಆಬ್ಟುರೇಟರ್, ಹಿಂದಿನವು ಸಯಾಟಿಕ್. ಒಳತೊಡೆಯ ದೊಡ್ಡ ಸ್ನಾಯುವಾದ ಅಡಕ್ಟರ್ ಮ್ಯಾಗ್ನಸ್ ಮಾತ್ರ ಎರಡು ಮನೆಗೆ ಸೇರಿದ್ದು. ಅದರ ಹಿಂಭಾಗಕ್ಕೆ ಸಯಾಟಿಕ್‌ನ ಟಿಬಿಯಲ್ ಪಾಲು ಬರುತ್ತದೆ. ಆಬ್ಟುರೇಟರ್ ನರ ಸೊಂಟದ ಕೀಲಿಗೂ ಮೊಣಕಾಲಿಗೂ ಕವಲು ಕೊಡುವುದನ್ನು ಮರೆಯಬಾರದು. ಇದರಿಂದ ಸೊಂಟದ ನೋವು ಮೊಣಕಾಲಿನಲ್ಲಿ ಕಾಣಿಸಬಹುದು. ಮೊಣಕಾಲು ನೋಯುತ್ತದೆ ಎನ್ನುವ ಮಗುವಿನ ಮೊಣಕಾಲಿನಲ್ಲಿ ಏನೂ ಸಿಗದಿದ್ದರೆ ಸೊಂಟವನ್ನು ಪರೀಕ್ಷಿಸಲೇಬೇಕು.

ಮೊಣಕಾಲಿನ ಕೆಳಗೆ ಭಾರ ಹೊರುವುದು ಟಿಬಿಯಾ ಎಂಬ ದಪ್ಪ ಮೂಳೆ. ಪಕ್ಕದ ಸಪೂರ ಫಿಬುಲಾ ಮುಖ್ಯವಾಗಿ ಸ್ನಾಯುಗಳಿಗೆ ನೆಲೆ ಕೊಡುತ್ತದೆ, ಕಣಕಾಲಿನ ಕೀಲಿಗೆ ಹೊರಗೋಡೆಯಾಗುತ್ತದೆ. ಫಿಬುಲಾದ ಕತ್ತನ್ನು ಕಾಮನ್ ಫಿಬ್ಯುಲರ್ ನರ ಚರ್ಮದ ಅಡಿಯಲ್ಲಿಯೇ ಸುತ್ತಿ ಹೋಗುವುದರಿಂದ, ಬಿಗಿಯಾದ ಪ್ಲಾಸ್ಟರ್ ಸಹ ಅದನ್ನು ಅದುಮಿಬಿಡಬಹುದು. ಆಗ ಪಾದ ಮೇಲೇಳದೆ ಜೋತುಬೀಳುತ್ತದೆ. ಬೆರಳುಗಳು ನೆಲಕ್ಕೆ ತಾಗದಿರಲೆಂದು ಆ ವ್ಯಕ್ತಿ ಮೊಣಕಾಲನ್ನು ಎತ್ತರಕ್ಕೆ ಎತ್ತಿ ನಡೆಯುತ್ತಾನೆ, ಪಾದ ನೆಲಕ್ಕೆ ಬಡಿದು ಪಟ್ಟೆಂದು ಸದ್ದಾಗುತ್ತದೆ. ಗ್ಲೂಟಿಯಸ್ ಮೀಡಿಯಸ್‌ನ ಹಿಡಿತ ತಪ್ಪಿದವರ ಟ್ರೆಂಡೆಲೆನ್‌ಬರ್ಗ್ ನಡಿಗೆಯಲ್ಲಿ ಹಾಗಲ್ಲ, ಪ್ರತಿ ಹೆಜ್ಜೆಗೂ ಮುಂಡವು ದೋಷವಿರುವ ಕಡೆಗೆ ವಾಲುತ್ತದೆ. ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಇವೆರಡನ್ನೂ ಬೇರ್ಪಡಿಸಿ ಗುರುತಿಸಬಹುದು, ನಾವು ತಲೆ ಎತ್ತಿ ನೋಡುತ್ತಿದ್ದರೆ.