ನಮ್ಮ ಬೀದಿ ಬಿಟ್ಟು ಪಕ್ಕದ ರಸ್ತೆಗೆ ಯಾಕೆ ಡಾಂಬರು?

ಪ್ರಶ್ನೆ: ನಮ್ಮ ಬೀದಿ ತುಂಬಾ ಗುಂಡಿಗಳು. ಪಕ್ಕದ ರಸ್ತೆ ಚೆನ್ನಾಗೇ ಇತ್ತು, ಅದಕ್ಕೆ ಹೊಸ ಡಾಂಬರು ಹಾಕುತ್ತಿದ್ದಾರೆ. ಯಾವ ರಸ್ತೆ ಮೊದಲು ಅಂತ ನಗರದವರು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ನಿಮ್ಮ ಸಿಟ್ಟು ಸಹಜ. ಆದರೂ ಆ ಪಕ್ಕದ ರಸ್ತೆಯನ್ನು ಆರಿಸಿದ್ದು ಸರಿಯಾಗಿಯೇ ಇರಬಹುದು.

ಹೊಸ ಡಾಂಬರು ರಸ್ತೆ ಮೊದಲ ಕೆಲವು ವರ್ಷ ಅಷ್ಟಾಗಿ ಕೆಡುವುದಿಲ್ಲ. ಬಿಸಿಲು, ಗಾಳಿಗೆ ಡಾಂಬರು ನಿಧಾನಕ್ಕೆ ಗಡುಸಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿದು ಕೆಳಗಿನ ಜಲ್ಲಿ, ಮಣ್ಣು ಮೆತ್ತಗಾದರೆ ಮುಗೀತು, ಆಮೇಲೆ ರಸ್ತೆ ಬಹಳ ಬೇಗ ಹಾಳಾಗುತ್ತದೆ. ಚಕ್ರ ಓಡುವ ಜಾಗದಲ್ಲಿ ಮೊಸಳೆ ಚರ್ಮದ ಹಾಗೆ ಒತ್ತೊತ್ತಾಗಿ ಬಿರುಕು ಬಿಟ್ಟಿರುವುದನ್ನು ನೋಡಿರುತ್ತೀರಿ ಅಲ್ವಾ? ಮಳೆ ನಿಂತ ಮೇಲೆ, ವಾಹನ ಹಾದಾಗಲೆಲ್ಲ ಅಲ್ಲಿಂದ ಕೆಸರು ನೀರು ಉಕ್ಕಿದರೆ ತಳವೇ ಸಡಿಲಾಗಿದೆ ಎಂದರ್ಥ. ಅದರ ಮೇಲೆ ಹೊಸ ಪದರ ಹಾಕುವುದು ದುಡ್ಡು ದಂಡ. ಬುಡದಿಂದ ಅಗೆದು ಕಟ್ಟಬೇಕು. ಆ ಖರ್ಚಿನಲ್ಲಿ, ತಳ ಗಟ್ಟಿಯಿರುವ ಹಲವು ರಸ್ತೆಗಳ ಮೇಲ್ಪದರ ಕೆರೆದು ಹೊಸದು ಹಾಕಬಹುದು. ಬರೀ ಬಿರುಕು ಮುಚ್ಚುವುದಾದರೆ ಇನ್ನೂ ಅಗ್ಗ. ತೀರಾ ಹಾಳಾದ ರಸ್ತೆಗೇ ಎಲ್ಲ ಹಣ ಸುರಿದರೆ, ಅಷ್ಟರಲ್ಲಿ ಚೆನ್ನಾಗಿದ್ದವೂ ಅದೇ ಗತಿಗೆ ಬರುತ್ತವೆ.

ಹಾಗಾಗಿ ಎಷ್ಟೋ ನಗರಗಳು ಪ್ರತಿ ರಸ್ತೆಗೂ 0ಯಿಂದ 100ರವರೆಗೆ ಅಂಕ ಕೊಡುತ್ತವೆ. ಅಮೆರಿಕದ ಸೇನೆಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಪದ್ಧತಿ ಇದು. ಬಿರುಕು, ತೇಪೆ, ಗುಂಡಿ, ಚಕ್ರ ಓಡಿ ಓಡಿ ಬಿದ್ದ ತಗ್ಗು ಎಷ್ಟಿವೆ, ಎಷ್ಟು ತೀವ್ರವಾಗಿವೆ ಅಂತ ನೋಡಿ ಅಂಕ ಕಳೆಯುತ್ತಾ ಹೋಗುತ್ತಾರೆ. ಕೆಲವು ಕಡೆ ನಡೆದೇ ನೋಡುತ್ತಾರೆ, ಕೆಲವು ಕಡೆ ಕ್ಯಾಮೆರಾ ಕಟ್ಟಿದ ವಾಹನ ಓಡಿಸುತ್ತಾರೆ.

ಅಂಕ ಒಂದೇ ಸಾಲದು. ಬಸ್ಸು, ಲಾರಿ ಓಡುವ ರಸ್ತೆಗೆ, ಆಸ್ಪತ್ರೆಯ ದಾರಿಗೆ ಆದ್ಯತೆ ಜಾಸ್ತಿ. ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ನೂರಾರು ಕಾರು ಮಾಡದ ಹಾಳನ್ನು ಒಂದು ತುಂಬಿದ ಲಾರಿ ಮಾಡಿ ಹೋಗುತ್ತದೆ.

ಇನ್ನೊಂದು ಕಾರಣ ನೆಲದಡಿಯಲ್ಲಿರಬಹುದು. ನಿಮ್ಮ ಬೀದಿಯಲ್ಲಿ ನೀರಿನ ಪೈಪ್ ಅಥವಾ ಒಳಚರಂಡಿ ಬದಲಿಸುವುದು ಬಾಕಿಯಿದ್ದರೆ ಕಾಯುವುದೇ ಒಳ್ಳೆಯದು. ಹೊಸ ಡಾಂಬರನ್ನು ತಿಂಗಳೊಳಗೆ ಅಗೆದರೆ ಆ ತೇಪೆಯ ಅಂಚಿನಿಂದಲೇ ನೀರು ಇಳಿಯಲು ಶುರುವಾಗುತ್ತದೆ.

ಆದರೆ ಈ ಲೆಕ್ಕದ ಹೆಸರಿನಲ್ಲಿ ಹಾಳಾದ ಬೀದಿಗಳನ್ನು ವರ್ಷಗಟ್ಟಲೆ ಮರೆತುಬಿಡುವುದು ತಪ್ಪು. ಗುಂಡಿಗೆ ಬಿದ್ದು ಜನ ಸಾಯುತ್ತಾರೆ. ಪೂರ್ತಿ ಕಟ್ಟುವುದಕ್ಕೆ ಒಂದು ಪಾಲು ಹಣವನ್ನು ಬೇರೆಯಾಗೇ ಎತ್ತಿಡಬೇಕು, ಸರದಿ ಬರುವವರೆಗೆ ಗುಂಡಿಯಾದರೂ ಮುಚ್ಚುತ್ತಿರಬೇಕು. ಕಚೇರಿಗೆ ಹೋದಾಗ ಸುಮ್ನೆ 'ಯಾವಾಗ ಹಾಕ್ತೀರಿ' ಅಂತ ಕೇಳಿ ಬರಬೇಡಿ. ನಮ್ಮ ಬೀದಿಯ ಅಂಕ ಎಷ್ಟು, ಕೊನೆಯ ಸಮೀಕ್ಷೆ ಯಾವಾಗ ಆಯಿತು, ಯಾವ ವರ್ಷದ ಪಟ್ಟಿಯಲ್ಲಿದೆ, ಅಗೆಯುವ ಕೆಲಸ ಏನಾದರೂ ಬಾಕಿ ಇದೆಯಾ ಅಂತ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.