ವೃತ್ತಿ ಹೊಣೆಗಾರಿಕೆ ವಿಮೆ: ಯಾವ ವರ್ಷದ ಪಾಲಿಸಿ ಕೈ ಹಿಡಿಯುತ್ತದೆ?

ಈ ಪಾಠದಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಡಾಕ್ಟರ ಕೈಯಿಂದ ತಪ್ಪು ನಡೆದ ದಿನ ಪಾಲಿಸಿ ಇತ್ತು, ಪ್ರೀಮಿಯಂ ಕಟ್ಟಿದ್ದರು, ಆದರೂ ವಿಮಾ ಕಂಪನಿ ಹಣ ಕೊಡಲಿಲ್ಲ. ಇದು ಮೋಸ ಅಲ್ವಾ ಅನಿಸುತ್ತದೆ. ಎಷ್ಟೋ ಸಲ ಮೋಸವಲ್ಲ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ಯಾಕೆ ಹಾಗೆ ಅಂತ ತಿಳಿದರೆ ಉಳಿದದ್ದು ಸುಲಭ, ಅದಕ್ಕೇ ಈ ಟಿಪ್ಪಣಿಯಲ್ಲಿ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಈ ವಿಮೆ ಇರುವುದು ವೃತ್ತಿಯವರ ನಿರ್ಲಕ್ಷ್ಯದಿಂದ ನಷ್ಟವಾಯಿತು ಅಂತ ಬರುವ ದಾವೆಗಳಿಗಾಗಿ, ಹಾಗಾಗಿ ಮೊದಲು ನಿರ್ಲಕ್ಷ್ಯ ಅಂದರೇನು ನೋಡೋಣ. ಫಲಿತಾಂಶ ಕೆಟ್ಟದಾದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. ಕಾಳಜಿ ವಹಿಸುವ ಹೊಣೆ ಇರಬೇಕು, ಅದರಲ್ಲಿ ಲೋಪ ಆಗಿರಬೇಕು, ನಷ್ಟ ಆಗಿರಬೇಕು, ಆ ನಷ್ಟ ಆ ಲೋಪದಿಂದಲೇ ಆಗಿರಬೇಕು. ಲೋಪವನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ 1957ರ ಬೋಲಂ ಪ್ರಕರಣ ಇಲ್ಲಿ ಮುಖ್ಯ. ಮಾನಸಿಕ ರೋಗಿಯೊಬ್ಬರಿಗೆ ಸ್ನಾಯು ಸಡಿಲಿಸುವ ಔಷಧ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡಿದರು, ಮೂಳೆ ಮುರಿಯಿತು. ಆ ಕಾಲದ ಜವಾಬ್ದಾರಿಯುತ ವೈದ್ಯರಲ್ಲಿ ಒಂದು ಗುಂಪು ಹಾಗೇ ಮಾಡುತ್ತಿತ್ತು. ಹಾಗಾಗಿ ಆಸ್ಪತ್ರೆ ಗೆದ್ದಿತು. ಆಮೇಲೆ 1997ರ ಬೊಲಿಥೋ ತೀರ್ಪು, ಆ ಗುಂಪಿನ ಅಭಿಪ್ರಾಯ ತರ್ಕಕ್ಕೂ ನಿಲ್ಲಬೇಕು ಅಂದಿತು. 2015ರ ಮಾಂಟ್ಗೊಮರಿ ತೀರ್ಪು ಅಪಾಯ ತಿಳಿಸುವ ವಿಷಯದಲ್ಲಿ ಅಳತೆಗೋಲನ್ನೇ ಬದಲಿಸಿತು. ಯಾವ ಅಪಾಯ ಹೇಳಬೇಕು ಅನ್ನುವುದನ್ನು ವೈದ್ಯರ ರೂಢಿ ನೋಡಿ ತೀರ್ಮಾನಿಸುವುದಲ್ಲ, ರೋಗಿಯ ಜಾಗದಲ್ಲಿ ನಿಂತು ನೋಡಬೇಕು. ನನ್ನ ಮಟ್ಟಿಗೆ ಈ ಮೂರರಲ್ಲಿ ಇದೇ ದೊಡ್ಡ ಹೆಜ್ಜೆ.

ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರುಗಳು, ಆರ್ಕಿಟೆಕ್ಟುಗಳಿಗೂ ಇದೇ ಬಗೆಯ ಹೊಣೆ ಇದೆ. 1963ರ ಹೆಡ್ಲಿ ಬರ್ನ್ ಪ್ರಕರಣ ನೆನಪಿಡಿ. ನಿಮ್ಮ ಮಾತನ್ನು ನಂಬಿ ಒಬ್ಬರು ಹಣ ಕಳೆದುಕೊಂಡರೆ, ನಿಮ್ಮ ನಡುವೆ ಒಪ್ಪಂದ ಇಲ್ಲದಿದ್ದರೂ ಹೊಣೆ ಬರಬಹುದು ಅಂತ ಅಲ್ಲಿ ತೀರ್ಮಾನವಾಯಿತು. (ಆ ಪ್ರಕರಣದ ಬ್ಯಾಂಕು ಮಾತ್ರ ತಪ್ಪಿಸಿಕೊಂಡಿತು, ಮಾಹಿತಿ ಕೊಡುವಾಗಲೇ ಜವಾಬ್ದಾರಿ ನಮ್ಮದಲ್ಲ ಅಂತ ಬರೆದಿತ್ತು.) ವೈದ್ಯರ ತಪ್ಪಿನಿಂದ ಹೆಚ್ಚಾಗಿ ಪೆಟ್ಟು ಬೀಳುವುದು ದೇಹಕ್ಕೆ, ಉಳಿದವರ ತಪ್ಪಿನಿಂದ ಹೆಚ್ಚಾಗಿ ಹಣಕ್ಕೆ. ಇನ್ನೊಂದು ವಿಷಯ. ಕ್ಲಿನಿಕ್ಕಿನ ಒದ್ದೆ ನೆಲದಲ್ಲಿ ಯಾರೋ ಜಾರಿಬಿದ್ದರೆ ಅದು ಸಾಮಾನ್ಯ ಹೊಣೆಗಾರಿಕೆ ಪಾಲಿಸಿಯ ವಿಷಯ, ತಪ್ಪು ಇಂಜೆಕ್ಷನ್ ಕೊಟ್ಟರೆ ವೃತ್ತಿ ಪಾಲಿಸಿಯ ವಿಷಯ. ಒಂದಿದ್ದರೆ ಇನ್ನೊಂದು ಬೇಡ ಅಂತ ತಿಳಿಯಬೇಡಿ.

ಈಗ ಮುಖ್ಯ ವಿಷಯ. ಕಾರು ಗುದ್ದಿದರೆ ಅವತ್ತೇ ಗೊತ್ತಾಗುತ್ತದೆ. ಆಪರೇಷನ್ ಮಾಡುವಾಗ ಹೊಟ್ಟೆಯಲ್ಲಿ ಹತ್ತಿ ಬಟ್ಟೆ ಉಳಿದರೆ ವರ್ಷಗಳ ನಂತರ ಗೊತ್ತಾಗಬಹುದು. ಹೆರಿಗೆ ಹೊತ್ತಿನಲ್ಲಿ ಮಗುವಿಗೆ ಆದ ತೊಂದರೆಗೆ ಇನ್ನೂ ತಡವಾಗಿ ದಾವೆ ಬರಬಹುದು, ಯಾಕೆಂದರೆ ಹಲವು ಕಡೆ ಕಾಲಮಿತಿಯ ಲೆಕ್ಕ ಶುರುವಾಗುವುದೇ ಮಗು ವಯಸ್ಸಿಗೆ ಬಂದ ಮೇಲೆ. ಹಾಗಾದರೆ ಹಣ ಕೊಡಬೇಕಾದ್ದು ಯಾವ ವರ್ಷದ ಪಾಲಿಸಿ?

ಎರಡು ಪದ್ಧತಿಗಳಿವೆ. ಅಕರೆನ್ಸ್ ಪಾಲಿಸಿಯಲ್ಲಿ ಘಟನೆ ನಡೆದ ವರ್ಷದ ಪಾಲಿಸಿಯೇ ಉತ್ತರ ಕೊಡುತ್ತದೆ, ದಾವೆ ಹತ್ತು ವರ್ಷ ಬಿಟ್ಟು ಬಂದರೂ ಸರಿ. ವೃತ್ತಿಯವರಿಗೆ ಇದು ನಿಶ್ಚಿಂತೆ, ಕಂಪನಿಗೆ ತಲೆನೋವು, ಯಾವ ವರ್ಷದ ಲೆಕ್ಕವನ್ನೂ ಮುಚ್ಚುವಂತಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ದಾವೆಗಳು ಏರಿ ವೈದ್ಯರಿಗೆ ವಿಮೆ ಸಿಗುವುದೇ ಕಷ್ಟವಾದಾಗ ಕಂಪನಿಗಳು ಕ್ಲೇಮ್ಸ್ ಮೇಡ್ ಪಾಲಿಸಿ ಕಡೆ ತಿರುಗಿದವು. ಇದರಲ್ಲಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಅಷ್ಟೇ ಸಾಲದು. ತಪ್ಪು ನಡೆದದ್ದು ಪಾಲಿಸಿಯಲ್ಲಿ ಬರೆದಿರುವ ರಿಟ್ರೋಆಕ್ಟಿವ್ ದಿನಾಂಕದ, ಅಂದರೆ ರಕ್ಷಣೆ ಎಲ್ಲಿಂದ ಶುರು ಅಂತ ಹೇಳುವ ದಿನಾಂಕದ, ಆಮೇಲೆ ಇರಬೇಕು. ಅದಕ್ಕಿಂತ ಹಿಂದಿನ ಕೆಲಸಕ್ಕೆ ರಕ್ಷಣೆ ಇಲ್ಲ.

ಮೊದಲ ವರ್ಷ ಈ ಪಾಲಿಸಿ ಅಗ್ಗ, ಯಾಕೆಂದರೆ ದಾವೆಗೆ ಎಡೆಕೊಡುವ ಹಳೆಯ ಕೆಲಸ ಇನ್ನೂ ಕಡಿಮೆ. ವರ್ಷ ಕಳೆದಂತೆ ಪ್ರೀಮಿಯಂ ಮೆಟ್ಟಿಲು ಮೆಟ್ಟಿಲಾಗಿ ಏರಿ, ಸಾಮಾನ್ಯವಾಗಿ ಐದು ವರ್ಷದ ಆಸುಪಾಸಿನಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕೆಲಸ ಬಿಟ್ಟಾಗ, ನಿವೃತ್ತರಾದಾಗ ಪಾಲಿಸಿ ನಿಲ್ಲಿಸಿದರೆ ಹಿಂದಿನ ಎಲ್ಲ ಕೆಲಸವೂ ಬಯಲಿಗೆ ಬಿದ್ದ ಹಾಗೆ. ಅದಕ್ಕೆ ಟೇಲ್ ಕವರ್ ಕೊಳ್ಳಬೇಕು. ಪಾಲಿಸಿ ಮುಗಿದ ಮೇಲೆ ಬರುವ ಕ್ಲೇಮುಗಳಿಗೆ ಅದು ಬಾಗಿಲು ತೆರೆದಿಡುತ್ತದೆ. ಅದರ ಬೆಲೆ ಒಂದು ವರ್ಷದ ಪ್ರೀಮಿಯಂಗಿಂತ ಜಾಸ್ತಿ ಇರುವುದು ಸಾಮಾನ್ಯ, ಹಾಗಾಗಿ ಹೊಸ ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅದನ್ನು ಯಾರು ಕಟ್ಟುತ್ತಾರೆ ಅಂತ ಬರೆಸಿಕೊಳ್ಳಿ. ದಯವಿಟ್ಟು ಇದನ್ನು ಮರೆಯಬೇಡಿ, ಬಿಟ್ಟು ಹೋಗುವ ದಿನ ಕೇಳಿದರೆ ತಡವಾಗಿರುತ್ತದೆ.

ಇನ್ನು ಸೂಚನೆ ಕೊಡುವ ವಿಷಯ. ಏನೋ ಎಡವಟ್ಟಾಗಿದೆ, ದಾವೆ ಬರಬಹುದು ಅಂತ ಗೊತ್ತಾದ ಕೂಡಲೇ ಕಂಪನಿಗೆ ಬರೆದು ತಿಳಿಸಬೇಕು. ಹಲವು ಕ್ಲೇಮ್ಸ್ ಮೇಡ್ ಪಾಲಿಸಿಗಳಲ್ಲಿ ಹಾಗೆ ತಿಳಿಸಿದರೆ, ಮುಂದೆ ಬರುವ ದಾವೆಯನ್ನೂ ಅದೇ ವರ್ಷದ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಮ್ನೆ ಕೂತರೆ ಆ ಹಕ್ಕು ಹೋಗುತ್ತದೆ. ಕಂಪನಿಯನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬೇಡಿ ಅಂತ ಪಾಲಿಸಿ ಹೇಳುತ್ತದೆ ನಿಜ. ಅದರರ್ಥ ರೋಗಿಯಿಂದ ವಿಷಯ ಮುಚ್ಚಿಡಿ ಅಂತಲ್ಲ. ಆದದ್ದನ್ನು ಹೇಳಬಹುದು, ವಿಷಾದ ತಿಳಿಸಬಹುದು. ಇಂಗ್ಲೆಂಡಿನ 2006ರ ಪರಿಹಾರ ಕಾಯಿದೆ, ಕ್ಷಮೆ ಕೇಳಿದ್ದಷ್ಟೇ ನಿರ್ಲಕ್ಷ್ಯದ ಒಪ್ಪಿಗೆ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಕೇಸ್ ಶೀಟನ್ನು ಮಾತ್ರ ಆಮೇಲೆ ಎಂದೂ ತಿದ್ದಬಾರದು, ಗೆಲ್ಲಬಹುದಾದ ಪ್ರಕರಣವೂ ಅದರಿಂದ ಕೈತಪ್ಪುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಮಿತಿ ಎರಡು ಬಗೆ, ಒಂದು ಕ್ಲೇಮಿಗೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ವಕೀಲರ ಖರ್ಚು ಆ ಮಿತಿಯೊಳಗೋ ಹೊರಗೋ ನೋಡಿ, ಒಳಗಿದ್ದರೆ ಕೋರ್ಟು ನಡೆದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕರಗುತ್ತದೆ. ಬೇಕೆಂದೇ ಮಾಡಿದ ಕೃತ್ಯಕ್ಕೆ, ಕ್ರಿಮಿನಲ್ ಶಿಕ್ಷೆಯ ದಂಡಕ್ಕೆ ರಕ್ಷಣೆ ಸಿಗುವುದಿಲ್ಲ. ಎಲ್ಲ ಕಡೆಯೂ ವಿಮೆಯೇ ದಾರಿ ಅಂತಲೂ ಇಲ್ಲ. ನ್ಯೂಜಿಲೆಂಡಿನಲ್ಲಿ 1974ರಿಂದ ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಗಾಯಕ್ಕೆ ಪರಿಹಾರ ಕೊಡುವ ಸರ್ಕಾರಿ ವ್ಯವಸ್ಥೆ ಇದೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಆರ್ಕಿಟೆಕ್ಟ್ ಒಬ್ಬರ ಕ್ಲೇಮ್ಸ್ ಮೇಡ್ ಪಾಲಿಸಿಯ ರಿಟ್ರೋಆಕ್ಟಿವ್ ದಿನಾಂಕ 2016. ನಕ್ಷೆ ಮಾಡಿದ್ದು 2018ರಲ್ಲಿ. 2021ರಲ್ಲಿ ಹಳೆ ಪಾಲಿಸಿ ಬಿಟ್ಟು ಬೇರೆ ಕಂಪನಿಗೆ ಹೋದರು, ಟೇಲ್ ಕವರ್ ಕೊಳ್ಳಲಿಲ್ಲ, ಹೊಸ ಪಾಲಿಸಿಯ ರಿಟ್ರೋಆಕ್ಟಿವ್ ದಿನಾಂಕ 2021. 2023ರಲ್ಲಿ ಕಟ್ಟಡ ಬಿರುಕು ಬಿಟ್ಟು ದಾವೆ ಬಂತು. ಹಳೆಯ ಪಾಲಿಸಿ ಮುಗಿದಿದೆ, ಹೊಸದಕ್ಕೆ 2018ರ ಕೆಲಸ ಸೇರುವುದಿಲ್ಲ. ಪ್ರೀಮಿಯಂ ಒಂದು ವರ್ಷವೂ ತಪ್ಪಿಸದೆ ಕಟ್ಟಿದವರಿಗೆ ಎರಡೂ ಕಡೆಯಿಂದ ಏನೂ ಸಿಗಲಿಲ್ಲ. ಕಂಪನಿ ಬದಲಿಸುವಾಗ 2016ರ ದಿನಾಂಕವನ್ನೇ ಉಳಿಸಿಕೊಡಿ ಅಂತ ಕೇಳಿ ಪಡೆದಿದ್ದರೆ ಹೊಸ ಕಂಪನಿ ಕೊಡಬೇಕಾಗುತ್ತಿತ್ತು.